ಎಚ್ಚರಗೊಳ್ಳದ ಗಣಕ

ಬೀರೂರು ಒಂದು ಜಂಕ್ಷನ್. ಬೆಂಗಳೂರಿನ ಕಡೆಯಿಂದ ಕಡೂರನ್ನು ಹಾದು ಬಂದ ರೈಲುಹಾದಿ ಅಲ್ಲಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರದ ಮೇಲೆ ಚಿಕ್ಕಜಾಜೂರು, ಹುಬ್ಬಳ್ಳಿಗಳ ಕಡೆಗೆ ಸಾಗಿದರೆ, ಇನ್ನೊಂದು ತರೀಕೆರೆಯ ಮೇಲೆ ಭದ್ರಾವತಿ, ಶಿವಮೊಗ್ಗಗಳತ್ತ ತಿರುಗುತ್ತದೆ. ತರೀಕೆರೆಗೆ ಬರಬೇಕಾದ ಗಾಡಿ ಹೊತ್ತು ಮೀರಿದರೂ ಬಾರದಿದ್ದಾಗ, ಬಲ್ಲವರು ಮೊದಲು ಕೇಳುವುದು "ಗಾಡಿ ಏಕೆ ಬರಲಿಲ್ಲ?" ಎಂದಲ್ಲ, "ಕಡೆಯದಾಗಿ ಯಾವ ನಿಲ್ದಾಣವನ್ನು ಬಿಟ್ಟಿತು?" ಎಂದು. ಬೀರೂರನ್ನು ಬಿಟ್ಟಿದ್ದರೆ ತೊಡಕು ಇರುವುದು ಬೀರೂರಿಗೂ ತರೀಕೆರೆಗೂ ನಡುವೆ. ಕಡೂರನ್ನೇ ಬಿಟ್ಟಿಲ್ಲವಾದರೆ ತರೀಕೆರೆಯ ಹಳಿಗಳನ್ನು ಪರೀಕ್ಷಿಸುವುದು ವ್ಯರ್ಥ. ಗಣಕಯಂತ್ರವು ಎಚ್ಚರಗೊಳ್ಳದೆ ನಿಂತಾಗ ಅದರ ದೋಷವನ್ನು ಹುಡುಕುವ ವಿದ್ಯೆಯೂ ಇದಕ್ಕಿಂತ ಬೇರೆಯಾದುದಲ್ಲ.

ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಗಣಕದ ಸ್ಮರಣೆಯು ಬರಿದಾಗಿರುತ್ತದೆ. ಲೆಕ್ಕವಾಗಲಿ, ಬರಹವಾಗಲಿ, ಚಿತ್ರವಾಗಲಿ ಅದಕ್ಕೆ ಆಗ ಏನೂ ತಿಳಿಯದು. ಯಂತ್ರದೊಳಗಿನ ಒಂದು ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟ ಪುಟ್ಟ ಕಾರ್ಯಕ್ರಮವೊಂದು ಮೊದಲು ಎದ್ದು ನಿಲ್ಲುತ್ತದೆ. ಇದಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದು ಸ್ಮರಣೆ, ಕೀಲಿಮಣೆ, ಡಿಸ್ಕುಗಳನ್ನು ಒಮ್ಮೆ ತಡವಿ ನೋಡಿ, ಬೂಟ್‌ಲೋಡರ್ ಎಂಬ ಎರಡನೆಯ ಕಾರ್ಯಕ್ರಮವನ್ನು ಹುಡುಕಿ, ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಬೂಟ್‌ಲೋಡರು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲನ್ನೂ, ಅದರ ಬುತ್ತಿಗಂಟಿನಂತಿರುವ ಇನಿಟ್ರ್ಯಾಮ್‌ಎಫ್‌ಎಸ್ ಎಂಬ ಚಿಕ್ಕ ಕಡತವನ್ನೂ ಸ್ಮರಣೆಗೆ ತರುತ್ತದೆ. ಕರ್ನೆಲು ಆ ಬುತ್ತಿಯನ್ನು ಬಿಚ್ಚಿ, ಅದರಲ್ಲಿನ ಚಾಲಕ ತಂತ್ರಾಂಶಗಳ ನೆರವಿನಿಂದ ನಿಜವಾದ ಕಡತವ್ಯವಸ್ಥೆ ಎಲ್ಲಿದೆಯೆಂದು ಹುಡುಕುತ್ತದೆ. ಅದು ದೊರೆತ ಮೇಲೆಯೇ ಉಳಿದ ಸೇವೆಗಳೆಲ್ಲ ಒಂದೊಂದಾಗಿ ಆರಂಭವಾಗಿ, ಕೊನೆಯಲ್ಲಿ ಚಿತ್ರಮಯವಾದ ತೆರೆ ಮೂಡುತ್ತದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷಿನ ಹಾಸ್ಯದ ನುಡಿಯಿಂದಲೇ ಈ ಕ್ರಿಯೆಗೆ ಬೂಟ್ ಎಂಬ ಹೆಸರು ಬಂದಿದೆ.

ಸಾಮಾನ್ಯವಾಗಿ ಈ ಕಡತಗಳೆಲ್ಲ ಗಣಕದೊಳಗಿನ ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಅವುಗಳನ್ನು ಒಂದು ಸಿ.ಡಿ.ಯಲ್ಲಿಯೋ ಪೆನ್ ಡ್ರೈವಿನಲ್ಲಿಯೋ ತುಂಬಿ, ಡಿಸ್ಕನ್ನು ಮುಟ್ಟದೆಯೇ ಗಣಕವನ್ನು ಎಬ್ಬಿಸುವಂತೆ ಮಾಡಿದರೆ ಅದು ಲೈವ್ ವ್ಯವಸ್ಥೆ ಎನಿಸುತ್ತದೆ. ಅದರ ಇಡಿಯ ಪಡಿಯಚ್ಚನ್ನು ಒಂದೇ ಕಡತದಲ್ಲಿ ಅಡಕಗೊಳಿಸಿದುದೇ ಇಮೇಜ್. ಜರ್ಮನಿಯ ಕ್ಲೌಸ್ ಕ್ನಾಪರ್ ಎಂಬ ತಂತ್ರಜ್ಞರು 2000ದಲ್ಲಿ ಹೊರತಂದ ಕ್ನಾಪಿಕ್ಸ್ ಈ ಬಗೆಯ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿತು. 700 ಮೆಗಾಬೈಟ್ ಹಿಡಿಸುವ ಸಿ.ಡಿ.ಯಲ್ಲಿ ಸುಮಾರು 2 ಗಿಗಾಬೈಟಿನಷ್ಟು ತಂತ್ರಾಂಶವನ್ನು ಅವರು ಹಿಂಡಿ ತುಂಬಿದ್ದರು. ಇಂದು ಇದೇ ಕೆಲಸಕ್ಕೆ ಸ್ಕ್ವಾಷ್‌ಎಫ್‌ಎಸ್ ಎಂಬ ಸಂಕುಚಿತ ಕಡತವ್ಯವಸ್ಥೆ ಬಳಕೆಯಲ್ಲಿದ್ದು, 2009ರಲ್ಲಿ ಅದು ಲಿನಕ್ಸ್ ಕರ್ನೆಲಿನ ಅಂಗವಾಯಿತು. ಸ್ಕ್ವಾಷ್‌ಎಫ್‌ಎಸ್‌ನಲ್ಲಿರುವುದನ್ನು ಓದಬಹುದೇ ಹೊರತು ತಿದ್ದಲಾಗದು. ತಿದ್ದಿದುದೆಲ್ಲವೂ ಸ್ಮರಣೆಯಲ್ಲಿ ಹರಡಿದ ಇನ್ನೊಂದು ಪದರಕ್ಕೆ ಹೋಗುತ್ತದೆ. ಅಚ್ಚಾದ ಪುಟದ ಮೇಲೆ ಗಾಜಿನ ಹಾಳೆಯನ್ನಿಟ್ಟು ಅದರ ಮೇಲೆ ಬರೆದರೆ, ನೋಡುವವನಿಗೆ ಎರಡೂ ಕೂಡಿಯೇ ಕಾಣುತ್ತವೆ. ಗಾಜನ್ನು ಒರೆಸಿದೊಡನೆ ಪುಟವು ಮೊದಲಿನಂತೆಯೇ ಉಳಿದಿರುತ್ತದೆ. ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರುಗಳಲ್ಲಿ ಈ ಗುಣದ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಬರೆಯುತ್ತಿರುವಾಗಲೇ ಆರಿಹೋದ ಡಿಸ್ಕಿನ ವ್ಯವಸ್ಥೆ ಕೆಡಬಹುದು. ಲೈವ್ ವ್ಯವಸ್ಥೆಯ ಮೂಲವು ಕೆಡುವುದು ಅಪರೂಪ.

ಶಾಲೆಗಳಿಗೆ ಬೇಕಾದ ತಂತ್ರಾಂಶಗಳನ್ನು ಮಾತ್ರ ಆರಿಸಿ ಸ್ವಂತ ವ್ಯವಸ್ಥೆಯನ್ನು ಕಟ್ಟಿಕೊಳ್ಳುವುದು ಭಾರತಕ್ಕೆ ಹೊಸದಲ್ಲ. ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳಿಗಾಗಿ ಬಾಸ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ರೂಪಿಸಿತು. ಕೇರಳದ ಶಾಲೆಗಳಿಗಾಗಿ 2019ರಲ್ಲಿ ಉಬುಂಟು 18.04ನ್ನು ಆಧರಿಸಿದ ವ್ಯವಸ್ಥೆಯೊಂದು ಸಿದ್ಧಗೊಂಡು, ಎರಡು ಲಕ್ಷಕ್ಕೂ ಮಿಗಿಲಾದ ಗಣಕಗಳಿಗೆ ಉದ್ದೇಶಿತವಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಈ ಏರ್ಪಾಡಿನಲ್ಲಿ ಸೇರಿದವರೇ. ಕರ್ನಾಟಕದಲ್ಲಿ 2010ರ ದಶಕದಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ನಡೆದ ತರಬೇತಿಗಳಲ್ಲಿ ಉಬುಂಟು ವ್ಯವಸ್ಥೆ ಬಳಕೆಯಾಯಿತು.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಕಡೂರು, ತರೀಕೆರೆ, ಮತ್ತು ಬಹುಕಾಲ ತರೀಕೆರೆ ತಾಲ್ಲೂಕಿಗೇ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರ, ಈ ಮೂರು ಊರುಗಳ ಮೂರು ಪ್ರೌಢಶಾಲೆಗಳಲ್ಲಿ ಬೇರೆಬೇರೆ ಕಾಲದಲ್ಲಿ ಬಂದ ಬೇರೆಬೇರೆ ಗಣಕಗಳಿವೆ. ಕೆಲವು ಹೊಸವು, ಹೆಚ್ಚಿನವು ಹಳೆಯವು. ಹಳೆಯವನ್ನು ಗುಜರಿಗೆ ಹಾಕುವ ಮಾತು ನಡೆದಿದೆ. ಅಷ್ಟರಲ್ಲಿ ಕಡೂರಿನ ಶಿಕ್ಷಕರೊಬ್ಬರು ಹಗುರವಾದ ಲೈವ್ ಇಮೇಜೊಂದನ್ನು ಕಟ್ಟಿ, ಪೆನ್ ಡ್ರೈವುಗಳಲ್ಲಿ ಮೂರು ಶಾಲೆಗಳಿಗೂ ಹಂಚಲು ನಿಶ್ಚಯಿಸುತ್ತಾರೆ. ಅದು ಎಚ್ಚರಗೊಂಡರೆ ಮಕ್ಕಳಿಗೆ ಗಣಕವುಂಟು. ಇಲ್ಲವಾದರೆ ಗುಜರಿಯವನ ಗಾಡಿ ಬಾಗಿಲಿಗೆ ಬರುತ್ತದೆ. ಸಂದರ್ಭವು ಊಹೆಯದು. ಆದರೆ ಮುಂದೆ ಹೇಳುವ ತೊಡಕುಗಳಲ್ಲಿ ಊಹೆಯದು ಒಂದೂ ಇಲ್ಲ. ಇಂಥ ಕೆಲಸಕ್ಕೆ ಕೈಹಾಕಿದವರೆಲ್ಲರೂ ಅವುಗಳನ್ನು ಒಂದಲ್ಲ ಒಂದು ದಿನ ಎದುರಿಸುತ್ತಾರೆ.

ಶಿಕ್ಷಕರು ಆರಿಸಿಕೊಂಡುದು 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಡೆಬಿಯನ್ ವ್ಯವಸ್ಥೆಯನ್ನು. ಅದರಲ್ಲಿ ಇಮೇಜನ್ನು ಕಟ್ಟುವುದಕ್ಕೆಂದೇ ಲೈವ್-ಬಿಲ್ಡ್ ಎಂಬ ಸಾಧನವಿದೆ. ಅದು ಮೊದಲು ಅಂತರಜಾಲದಿಂದ ಮೂಲ ಪೊಟ್ಟಣಗಳನ್ನು ತಂದು ಒಂದು ಕಡತಕೋಶದೊಳಗೆ ಪುಟ್ಟ ಡೆಬಿಯನ್ನನ್ನು ನೆಲೆಗೊಳಿಸುತ್ತದೆ. ಅನಂತರ ಆ ಕೋಶದೊಳಕ್ಕೆ ಹೊಕ್ಕು, ಅದೇ ಇಡೀ ಪ್ರಪಂಚವೆಂಬಂತೆ ಭಾವಿಸಿ, ಉಳಿದ ತಂತ್ರಾಂಶಗಳನ್ನು ಸ್ಥಾಪಿಸುತ್ತದೆ. ಈ ಹೊಕ್ಕುವಿಕೆಗೆ ಕ್ರೂಟ್ ಎಂದು ಹೆಸರು. ಕಡೆಗೆ ಎಲ್ಲವನ್ನೂ ಹಿಂಡಿ, ಬೂಟ್‌ಲೋಡರನ್ನು ಸೇರಿಸಿ, ಇಮೇಜನ್ನು ಹೊರತರುತ್ತದೆ. ಮನೆಯೊಳಗೆ ಗೊಂಬೆಮನೆಯನ್ನು ಕಟ್ಟಿ, ಗೊಂಬೆಮನೆಯನ್ನು ಮಾತ್ರ ಹೊತ್ತು ಬೀದಿಗೆ ಒಯ್ದಂತೆ ಇದು.

ಮೊದಲ ಸಲ ಕಟ್ಟಲು ಹೊರಟಾಗ ಕೆಲಸವು ಅರ್ಧಕ್ಕೆ ನಿಲ್ಲುತ್ತದೆ. ತೆರೆಯ ತುಂಬ ಇಂಗ್ಲಿಷಿನ ಸಾಲುಗಳು. ಹೊಸಬರು ಸಹಜವಾಗಿ ಕಟ್ಟಕಡೆಯ ಸಾಲನ್ನು ಓದುತ್ತಾರೆ. ಅದರಲ್ಲಿ ಸಾಮಾನ್ಯವಾಗಿ "ಕೆಲಸ ವಿಫಲವಾಯಿತು" ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಒಂದು ಪೊಟ್ಟಣ ಬಾರದಿದ್ದರೆ ಅದನ್ನು ನಂಬಿದ ಹತ್ತು ಪೊಟ್ಟಣಗಳು ಮುರಿಯುತ್ತವೆ. ಕಡೆಯ ಸಾಲಿನಲ್ಲಿ ದೂರು ಹೇಳುತ್ತಿರುವುದು ಆ ಹತ್ತನೆಯದು. ಆದುದರಿಂದ ಎಲ್ಲ ಸಾಲುಗಳನ್ನೂ ಒಂದು ಕಡತದಲ್ಲಿ ಉಳಿಸಿಕೊಂಡು, ದೋಷವೆಂಬ ಪದ ಮೊತ್ತಮೊದಲು ಎಲ್ಲಿ ಬಂದಿತೆಂಬುದನ್ನು ಮೇಲಿನಿಂದ ಕೆಳಕ್ಕೆ ಹುಡುಕಬೇಕು. ಕಡೂರಿನಲ್ಲಿ ಆ ಮೊದಲ ಸಾಲು ತೋರಿಸಿದುದು ವಿಚಿತ್ರವಾದ ಸಂಗತಿಯನ್ನು: ಪೊಟ್ಟಣಗಳ ಪಟ್ಟಿಯ ಕಡತವು ಇನ್ನೂ ಸಿಂಧುವಾಗಿಲ್ಲ, ಅದು ಮುಂದೆ ಬರಲಿರುವ ದಿನಾಂಕದ್ದು! ಕಾರಣವು ಅಂತರಜಾಲದಲ್ಲಿರಲಿಲ್ಲ, ಗಣಕದೊಳಗಿನ ರೂಪಾಯಿ ಬಿಲ್ಲೆಯಂಥ ಬ್ಯಾಟರಿಯಲ್ಲಿತ್ತು. ಅದು ಸತ್ತುಹೋದ ಮೇಲೆ ಯಂತ್ರದ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಸರಿದಿತ್ತು. ಪಟ್ಟಿಯ ಕಡತದಲ್ಲಿ ಸಹಿಯೂ ದಿನಾಂಕವೂ ಇರುವುದರಿಂದ, ಹಿಂದುಳಿದ ಗಡಿಯಾರಕ್ಕೆ ಇಂದಿನ ಪಟ್ಟಿಯು ಭವಿಷ್ಯದ್ದಾಗಿ ಕಂಡಿತು. ಅಗ್ಗದ ಬ್ಯಾಟರಿಯೊಂದನ್ನು ಬದಲಿಸಿ ವೇಳೆಯನ್ನು ಸರಿಪಡಿಸಿದಾಗ ದಾರಿ ತೆರೆಯಿತು.

ಇದೇ ಹಂತದಲ್ಲಿ ಬರುವ ಇತರ ತಡೆಗಳೂ ಉಂಟು. ಡಿಸ್ಕಿನಲ್ಲಿ ಜಾಗ ಸಾಲದಿರುವುದು ಅವುಗಳಲ್ಲಿ ಅತಿ ಸಾಮಾನ್ಯವಾದುದು. ಒಂದೂವರೆ ಗಿಗಾಬೈಟಿನ ಇಮೇಜನ್ನು ಕಟ್ಟಲು ಅದರ ಹಲವು ಪಟ್ಟು ಸ್ಥಳ ಬೇಕು, ಏಕೆಂದರೆ ಹಿಂಡುವುದಕ್ಕೆ ಮುಂಚಿನ ರೂಪವೂ ತಂದ ಪೊಟ್ಟಣಗಳೂ ಅಲ್ಲಿಯೇ ಇರುತ್ತವೆ. ಲೈವ್-ಬಿಲ್ಡನ್ನು ಬಿಟ್ಟು ಕೈಯಿಂದಲೇ ಕ್ರೂಟ್ ಮಾಡುವವರು ಪ್ರಾಕ್, ಸಿಸ್, ಡೆವ್ ಎಂಬ ಮೂರು ಕೋಶಗಳನ್ನು ಒಳಕ್ಕೆ ಜೋಡಿಸಲು ಮರೆತರೆ, ಒಳಗಿನ ಪೊಟ್ಟಣಗಳು ಕುರುಡಾಗಿ ತಡವರಿಸುತ್ತವೆ. ವಿಳಾಸಗಳನ್ನು ತಿಳಿಸುವ ರಿಸಾಲ್ವ್ ಕಡತವು ಒಳಗಿಲ್ಲದಿದ್ದರೆ, ಹೊರಗೆ ಅಂತರಜಾಲವಿದ್ದರೂ ಒಳಗೆ ಇರುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ಜನರನ್ನು ದಾರಿ ತಪ್ಪಿಸುವುದು ಹಳೆಯ ಕಟ್ಟಡದ ಅವಶೇಷ. ಲೈವ್-ಬಿಲ್ಡ್ ತಾನು ಮುಗಿಸಿದ ಪ್ರತಿ ಹಂತಕ್ಕೂ ಒಂದು ಗುರುತಿನ ಕಡತವನ್ನು ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಆ ಹಂತವನ್ನು ಮತ್ತೆ ಮಾಡದೆ ದಾಟಿಹೋಗುತ್ತದೆ. ಪಟ್ಟಿಯಲ್ಲಿ ಹೊಸ ತಂತ್ರಾಂಶವನ್ನು ಬರೆದು ಮತ್ತೆ ಕಟ್ಟಿದರೂ ಇಮೇಜಿನಲ್ಲಿ ಅದು ಕಾಣಿಸದು. ಬರೆದುದು ತಪ್ಪೆಂದು ಬಗೆದು ಅದನ್ನು ತಿದ್ದುತ್ತ ಕುಳಿತರೆ, ಸರಿಯಿದ್ದುದೂ ಕೆಡುತ್ತದೆ. ಇಲ್ಲಿ ಬೇಕಾದುದು ತಿದ್ದುಪಡಿಯಲ್ಲ, ಶುದ್ಧೀಕರಣ. ಕ್ಲೀನ್ ಎಂಬ ಆಜ್ಞೆಯನ್ನು ಕೊಟ್ಟು ಹಳೆಯ ಗುರುತುಗಳನ್ನು ಅಳಿಸಿದ ಅನಂತರವೇ ಹೊಸದು ಹೊಸದಾಗುತ್ತದೆ.

ತಂತ್ರಾಂಶಗಳನ್ನು ಸೇರಿಸುವುದರಲ್ಲಿಯೂ ಆತುರ ಸಲ್ಲದು. ನಲವತ್ತು ಪೊಟ್ಟಣಗಳನ್ನು ಒಮ್ಮೆಗೇ ಸೇರಿಸಿದಾಗ ಕಟ್ಟಡ ಮುರಿಯಿತೆಂದರೆ, ತಪ್ಪಿತಸ್ಥ ಪೊಟ್ಟಣ ಯಾವುದು? ಒಂದೊಂದನ್ನೇ ತೆಗೆದು ನೋಡುವುದಾದರೆ ನಲವತ್ತು ಪ್ರಯೋಗಗಳೂ ಬೇಕಾದೀತು. ಪ್ರತಿಯೊಂದಕ್ಕೂ ಅರ್ಧ ಗಂಟೆಯಾದರೆ ಎರಡೂವರೆ ದಿನದ ಕೆಲಸ. ಆದರೆ ಇಪ್ಪತ್ತನ್ನು ತೆಗೆದು ನೋಡಿ, ದೋಷವಿರುವ ಅರ್ಧದಲ್ಲಿ ಮತ್ತೆ ಅರ್ಧವನ್ನು ತೆಗೆಯುತ್ತ ಹೋದರೆ ನಲವತ್ತು ಇಪ್ಪತ್ತಾಗಿ, ಹತ್ತಾಗಿ, ಐದಾಗಿ, ಆರು ಪ್ರಯೋಗಗಳೊಳಗೆ ಒಂದೇ ಉಳಿಯುತ್ತದೆ. ದೋಷವು ಒಂದೇ ಪೊಟ್ಟಣದಲ್ಲಿದ್ದರೆ ಮಾತ್ರ ಈ ಲೆಕ್ಕ ಸರಿ. ಎರಡರ ಜಗಳವಾಗಿದ್ದರೆ ಕೆಲಸ ಇನ್ನಷ್ಟು ಹೆಚ್ಚುತ್ತದೆ. ಗಣಿತದ ಪಾಠದಲ್ಲಿ ಬರುವ ಘಾತಾಂಕಗಳು ಹೊಟ್ಟೆಗೆ ಅನ್ನವಿಕ್ಕುತ್ತವೆಯೇ ಎಂದು ಕೇಳುವ ಹುಡುಗರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬಹುದು.

ಹೀಗೆ ಇಮೇಜು ಸಿದ್ಧವಾಯಿತು. ಅದನ್ನು ಪೆನ್ ಡ್ರೈವಿಗೆ ಬರೆಯುವ ಮೊದಲು ಶಿಕ್ಷಕರು ಗಣಕದೊಳಗೇ ಕಲ್ಪಿತ ಗಣಕವೊಂದನ್ನು ಸೃಷ್ಟಿಸುವ ಕ್ಯೂಎಮು ಎಂಬ ತಂತ್ರಾಂಶದಲ್ಲಿ ಪರೀಕ್ಷಿಸಿದರು. ಇಮೇಜು ಎದ್ದಿತು. ಕಡೂರಿನ ಶಾಲೆಯ ಗಣಕದಲ್ಲಿಯೂ ಎದ್ದಿತು. ಮರುದಿನ ಪೆನ್ ಡ್ರೈವು ತರೀಕೆರೆಗೆ ಹೋಯಿತು. ಅಲ್ಲಿ ಏಳಲಿಲ್ಲ.

ಇಲ್ಲಿ ಮೊದಲಿನ ಪ್ರಶ್ನೆಯನ್ನೇ ಕೇಳಬೇಕು: ಕಡೆಯದಾಗಿ ಯಾವ ನಿಲ್ದಾಣವನ್ನು ಬಿಟ್ಟಿತು? ತರೀಕೆರೆಯ ಗಣಕವು ಪೆನ್ ಡ್ರೈವನ್ನು ಲೆಕ್ಕಿಸದೆ ಡಿಸ್ಕಿನೊಳಗಿನ ಹಳೆಯ ವ್ಯವಸ್ಥೆಯನ್ನೇ ತೆರೆಯಿತು. ಆಯ್ಕೆಗಳ ಪಟ್ಟಿಯೂ ಮೂಡಲಿಲ್ಲ. ಅಂದರೆ ಬೂಟ್‌ಲೋಡರಿನವರೆಗೆ ಗಾಡಿ ಬಂದೇ ಇಲ್ಲ. ಕರ್ನೆಲನ್ನಾಗಲಿ, ಒಳಗಿನ ತಂತ್ರಾಂಶಗಳನ್ನಾಗಲಿ ಸಂಶಯಿಸಲು ಇನ್ನೂ ಕಾಲವಲ್ಲ. ಫರ್ಮ್‌ವೇರಿಗೂ ಬೂಟ್‌ಲೋಡರಿಗೂ ನಡುವಿನ ಹಸ್ತಾಂತರವೊಂದೇ ಪರೀಕ್ಷೆಗೆ ಯೋಗ್ಯ.

ಈ ಹಸ್ತಾಂತರದಲ್ಲಿಯೇ ಬೀರೂರಿನಂಥ ಕವಲು ಇದೆ. ಹಳೆಯ ಗಣಕಗಳ ಫರ್ಮ್‌ವೇರಿಗೆ ಬಯೋಸ್ ಎಂದು ಹೆಸರು. ಅದು ಡಿಸ್ಕಿನ ಮೊತ್ತಮೊದಲ 512 ಬೈಟುಗಳನ್ನು ಮಾತ್ರ ಓದುತ್ತದೆ. ಆ ತುಣುಕಿನ ಕೊನೆಯ ಎರಡು ಬೈಟುಗಳಲ್ಲಿ ನಿಯತವಾದ ಮುದ್ರೆಯೊಂದಿದ್ದರೆ ಮೊದಲ ಭಾಗವನ್ನು ಕಾರ್ಯಕ್ರಮವೆಂದು ನಂಬಿ ನಡೆಸುತ್ತದೆ. ಹೊಸ ಗಣಕಗಳಲ್ಲಿರುವುದು ಯುಇಎಫ್‌ಐ. ಇದು ಮೊದಲ ಬೈಟುಗಳನ್ನು ಕಾರ್ಯಕ್ರಮವೆಂದು ನಡೆಸದೆ, ಫ್ಯಾಟ್ ಎಂಬ ಮಾದರಿಯ ವಿಭಾಗವೊಂದನ್ನು ಹುಡುಕಿ, ಅದರೊಳಗೆ ಇಎಫ್‌ಐ ಎಂಬ ಕೋಶ, ಅದರೊಳಗೆ ಬೂಟ್ ಎಂಬ ಕೋಶ, ಅದರೊಳಗೆ ನಿಯತ ಹೆಸರಿನ ಕಡತ, ಹೀಗೆ ವಿಳಾಸ ಹಿಡಿದು ಹೋಗುತ್ತದೆ. ಕಡೂರಿನ ಗಣಕವು ಹಳೆಯದು, ಬಯೋಸಿನದು. ಕ್ಯೂಎಮುವಿನ ಕಲ್ಪಿತ ಗಣಕವೂ ಬೇರೆ ಸೂಚನೆಯಿಲ್ಲದಿದ್ದರೆ ಬಯೋಸಿನಂತೆಯೇ ವರ್ತಿಸುತ್ತದೆ. ತರೀಕೆರೆಯದು ಯುಇಎಫ್‌ಐ. ಶಿಕ್ಷಕರು ಕಟ್ಟಿದ ಇಮೇಜಿನಲ್ಲಿ ಒಂದು ಕವಲಿಗೆ ಮಾತ್ರ ಹಳಿ ಹಾಸಲಾಗಿತ್ತು. ಎರಡು ಬಾರಿ ಪರೀಕ್ಷಿಸಿದೆವೆಂಬ ಅವರ ಭರವಸೆ ಹುಸಿಯಾದುದು ಹೀಗೆ: ಪರೀಕ್ಷೆ ನಡೆದುದು ಎರಡು ಬಾರಿ, ಪರೀಕ್ಷಿಸಿದ ದಾರಿ ಒಂದೇ. ಎರಡೂ ಬಗೆಯ ಬೂಟ್‌ಲೋಡರುಗಳನ್ನು ಸೇರಿಸಿ ಮತ್ತೆ ಕಟ್ಟಿ, ಕ್ಯೂಎಮುವಿಗೆ ಯುಇಎಫ್‌ಐ ಫರ್ಮ್‌ವೇರನ್ನು ಬೇರೆಯಾಗಿ ಕೊಟ್ಟು ನೋಡಿದ ಮೇಲೆ ಈ ತೊಡಕು ನೀಗಿತು.

ಸಿ.ಡಿ.ಯಿಂದ ಬೂಟ್ ಮಾಡುವ ಕ್ರಮಕ್ಕೆ ಎಲ್ ಟೊರಿಟೊ ಎಂಬ ವಿಲಕ್ಷಣ ಹೆಸರಿದೆ. 1995ರಲ್ಲಿ ಅದನ್ನು ರೂಪಿಸಿದವರು ಮಾತುಕತೆ ನಡೆಸಿದ ಅಮೆರಿಕದ ಹೋಟೆಲೊಂದರ ಹೆಸರೇ ಅದೆಂದು ಹೇಳುತ್ತಾರೆ. ಆ ಕ್ರಮ ಸಿ.ಡಿ.ಗೆ ಹೊಂದಿದುದು; ಪೆನ್ ಡ್ರೈವಿಗೆ ಅದೊಂದೇ ಸಾಲದು. ಆದಕಾರಣ ಈಗಿನ ಇಮೇಜುಗಳನ್ನು ಸಿ.ಡಿ.ಯಂತೆಯೂ ಡಿಸ್ಕಿನಂತೆಯೂ ತೋರುವಂತೆ ಎರಡು ಮುಖ ಕೊಟ್ಟು ಕಟ್ಟಲಾಗುತ್ತದೆ. ಆದರೂ ಇಮೇಜ್ ಕಡತವನ್ನು ಹಾಡು, ಚಿತ್ರಗಳನ್ನು ನಕಲು ಮಾಡುವಂತೆ ಪೆನ್ ಡ್ರೈವಿನೊಳಕ್ಕೆ ಎಳೆದು ಹಾಕಿದರೆ ಏನೂ ಆಗದು. ಕಡತವು ಅಲ್ಲಿ ಒಂದು ಕಡತವಾಗಿ ಬಿದ್ದಿರುತ್ತದೆ, ಅಷ್ಟೆ. ಅದನ್ನು ಡ್ರೈವಿನ ಮೊದಲ ಬೈಟಿನಿಂದಲೇ ಬೈಟಿಗೆ ಬೈಟಾಗಿ ಬರೆಯಬೇಕು. ಬರೆಯುವಾಗ ಪೆನ್ ಡ್ರೈವಿನ ಹೆಸರಿಗೆ ಬದಲು ಡಿಸ್ಕಿನ ಹೆಸರನ್ನು ಕೊಟ್ಟರೆ ಶಾಲೆಯ ದಾಖಲೆಗಳೆಲ್ಲ ಕ್ಷಣದಲ್ಲಿ ಅಳಿದುಹೋಗುತ್ತವೆ. ಈ ಒಂದು ಆಜ್ಞೆಯನ್ನು ಒತ್ತುವ ಮುನ್ನ ಎರಡು ಸಲ ಓದುವುದು ಅಂಜುಬುರುಕತನವೇನಲ್ಲ.

ತರೀಕೆರೆಯ ಇನ್ನೊಂದು ಯಂತ್ರದಲ್ಲಿ ಭದ್ರತೆಯ ನಿಯಮ ಮುರಿಯಿತೆಂಬ ಎಚ್ಚರಿಕೆಯೊಂದು ಮೂಡಿ ಎಲ್ಲವೂ ನಿಂತಿತು. ಇದು ಸೆಕ್ಯೂರ್ ಬೂಟ್ ಎಂಬ ಕಾವಲು. ವಿಂಡೋಸ್ 8 ಬಂದ 2012ರಿಂದ ವ್ಯಾಪಕವಾಯಿತು. ತಾನು ಬಲ್ಲ ಸಹಿ ಇಲ್ಲದ ಬೂಟ್‌ಲೋಡರನ್ನು ಅದು ಒಳಕ್ಕೆ ಬಿಡದು. ಡೆಬಿಯನ್ ಸಿದ್ಧಪಡಿಸಿದ ಸಹಿಯುಳ್ಳ ಬೂಟ್‌ಲೋಡರನ್ನು ಹಾಗೆಯೇ ಬಳಸಿದರೆ ಕಾವಲುಗಾರನು ಸುಮ್ಮನಿರುತ್ತಾನೆ. ಕಾವಲನ್ನೇ ತೆಗೆದುಹಾಕುವುದು ಸುಲಭವೆಂದು ಅನೇಕರು ಮೊದಲು ಆ ದಾರಿಯನ್ನೇ ಹಿಡಿಯುತ್ತಾರೆ; ಸಾರ್ವಜನಿಕ ಯಂತ್ರಗಳಲ್ಲಿ ಅದು ಒಳ್ಳೆಯ ರೂಢಿಯಲ್ಲ.

ಅಜ್ಜಂಪುರದ ಕಥೆ ಬೇರೆ. ಅಲ್ಲಿ ಆಯ್ಕೆಗಳ ಪಟ್ಟಿಯು ಚೆನ್ನಾಗಿಯೇ ಮೂಡಿತು, ಬೂಟ್‌ಲೋಡರು ಸುರಕ್ಷಿತವೆಂದಾಯಿತು. ಆದರೆ ಮುಂದಕ್ಕೆ ಒತ್ತಿದೊಡನೆ, ಈ ಕರ್ನೆಲಿಗೆ 64 ಬಿಟ್ಟಿನ ಸಂಸ್ಕಾರಕ ಬೇಕು, ಇಲ್ಲಿರುವುದು 32 ಬಿಟ್ಟಿನದು ಎಂಬರ್ಥದ ವಾಕ್ಯವೊಂದು ಕಾಣಿಸಿತು. ಗಣಕವು ತನ್ನ ಕಷ್ಟವನ್ನು ಇಷ್ಟು ಸ್ಪಷ್ಟವಾಗಿ ಹೇಳುವುದು ಅಪರೂಪ. ಇಮೇಜಿನಲ್ಲಿ ಇಲ್ಲಿ ದೋಷವೇನೂ ಇಲ್ಲ. ಯಂತ್ರಕ್ಕೆ ತಕ್ಕುದಲ್ಲದ ಇಮೇಜು ಅದು, ಅಷ್ಟೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಹಳೆಯ 32 ಬಿಟ್ಟಿನ ಗಣಕಗಳಿಗೆ ಕರ್ನೆಲನ್ನು ಕೊಡುವುದನ್ನು ನಿಲ್ಲಿಸಲಾಗಿದೆ. ಆದುದರಿಂದ ಅಜ್ಜಂಪುರದ ಆ ಯಂತ್ರಗಳಿಗಾಗಿ 2023ರ ಡೆಬಿಯನ್ 12ರಿಂದ ಪ್ರತ್ಯೇಕ ಇಮೇಜನ್ನು ಕಟ್ಟಬೇಕಾಯಿತು. ಇದು ಶಾಶ್ವತ ಪರಿಹಾರವಲ್ಲ; ಭದ್ರತೆಯ ತಿದ್ದುಪಡಿಗಳು ಬರುವಷ್ಟು ಕಾಲ ಆ ಯಂತ್ರಗಳಿಗೆ ಆಯುಷ್ಯ.

ಪಕ್ಕದ ಯಂತ್ರದಲ್ಲಿ ಕರ್ನೆಲು ಎದ್ದು, ಸಾಲುಸಾಲಾಗಿ ಸಂದೇಶಗಳನ್ನು ಹರಿಸಿ, ಲೈವ್ ಕಡತವ್ಯವಸ್ಥೆಯುಳ್ಳ ಮಾಧ್ಯಮವು ಸಿಗಲಿಲ್ಲವೆಂದು ಹೇಳಿ, ಇನಿಟ್ರ್ಯಾಮ್‌ಎಫ್‌ಎಸ್ ಎಂಬ ಹೆಸರನ್ನು ತೋರಿಸಿ ನಿಂತಿತು. ಪೆನ್ ಡ್ರೈವಿನಿಂದಲೇ ಎದ್ದ ಗಣಕವು ಪೆನ್ ಡ್ರೈವೇ ಇಲ್ಲವೆನ್ನುವುದು ಮೊದಲ ನೋಟಕ್ಕೆ ನಗೆ ತರಿಸುತ್ತದೆ. ಆದರೆ ಅದರಲ್ಲಿ ವಿರೋಧವಿಲ್ಲ. ಅಲ್ಲಿಯವರೆಗೆ ಡ್ರೈವನ್ನು ಓದಿದುದು ಫರ್ಮ್‌ವೇರಿನ ಕಣ್ಣು. ಕರ್ನೆಲು ಎದ್ದ ಮೇಲೆ ಅದು ತನ್ನದೇ ಕಣ್ಣಿನಿಂದ, ಎಂದರೆ ಬುತ್ತಿಯಲ್ಲಿರುವ ಚಾಲಕ ತಂತ್ರಾಂಶಗಳಿಂದ, ನೋಡಬೇಕು. ಆ ಬುತ್ತಿಯಲ್ಲಿ ಅಲ್ಲಿನ ಯು.ಎಸ್.ಬಿ. ನಿಯಂತ್ರಕದ ಚಾಲಕವಿಲ್ಲದಿರಬಹುದು. ಬುತ್ತಿಯೊಂದು ಕರ್ನೆಲಿಗೂ ಕರ್ನೆಲು ಇನ್ನೊಂದು ಆವೃತ್ತಿಗೂ ಸೇರಿರಬಹುದು. ಕಟ್ಟುವಾಗ ಕರ್ನೆಲನ್ನು ನವೀಕರಿಸಿ ಬುತ್ತಿಯನ್ನು ಮತ್ತೆ ಕಟ್ಟದಿದ್ದರೆ ಹೀಗಾಗುತ್ತದೆ. ಲೈವ್-ಬೂಟ್ ಎಂಬ ಪೊಟ್ಟಣವೇ ಒಳಗೆ ಸೇರದಿದ್ದರೆ, ಅಥವಾ ಲೈವ್ ಆಗಿ ಏಳಬೇಕೆಂಬ ಸೂಚನೆಯನ್ನು ಬೂಟ್‌ಲೋಡರಿನ ಸಾಲಿನಲ್ಲಿ ಬರೆಯದಿದ್ದರೆ, ಕರ್ನೆಲು ಸ್ಕ್ವಾಷ್‌ಎಫ್‌ಎಸ್ ಕಡತವನ್ನು ಹುಡುಕುವುದೇ ಇಲ್ಲ. ಆದರೆ ಕೊನೆಯ ಎರಡು ಕಾರಣಗಳು ಇಲ್ಲಿ ಸಲ್ಲವು, ಏಕೆಂದರೆ ಅದೇ ಇಮೇಜು ಕಡೂರಿನಲ್ಲಿ ಎದ್ದಿತ್ತು. ಒಂದೆಡೆ ಎದ್ದು ಇನ್ನೊಂದೆಡೆ ಮಲಗಿದರೆ, ಎರಡು ಕಡೆಯೂ ಸಮಾನವಾಗಿರುವುದನ್ನು ಬಿಟ್ಟು ಭಿನ್ನವಾಗಿರುವುದನ್ನೇ ಹಿಡಿಯಬೇಕು. ಭಿನ್ನವಾಗಿದ್ದುದು ಯು.ಎಸ್.ಬಿ. ಕಿಂಡಿ. ಡ್ರೈವನ್ನು ಹಿಂಬದಿಯ ಕಿಂಡಿಗೆ ಬದಲಿಸಿದಾಗ ಅದು ಎದ್ದಿತು. ಚಾಲಕವನ್ನು ಬುತ್ತಿಗೆ ಸೇರಿಸಿದ ಮೇಲೆ ಮುಂಬದಿಯಲ್ಲಿಯೂ ಎದ್ದಿತು.

ಇಂಥ ಹುಡುಕಾಟದಲ್ಲಿ ಅಂದವು ಅಡ್ಡಿ. ಬೂಟ್‌ಲೋಡರಿನ ಸಾಲಿನಲ್ಲಿ ಕ್ವಯೆಟ್, ಸ್ಪ್ಲ್ಯಾಷ್ ಎಂಬ ಎರಡು ಮಾತುಗಳಿದ್ದರೆ ಸಂದೇಶಗಳೆಲ್ಲ ಮರೆಯಾಗಿ, ಚೆಲುವಾದ ಚಿತ್ರವೊಂದು ಕುಳಿತಿರುತ್ತದೆ. ದೋಷವಿದ್ದಾಗ ಆ ಚಿತ್ರ ಗಂಟೆಗಟ್ಟಲೆ ಹಾಗೆಯೇ ಕುಳಿತಿರುತ್ತದೆ. ಅವೆರಡನ್ನು ಅಳಿಸಿದರೆ ಗಣಕ ಮಾತನಾಡತೊಡಗುತ್ತದೆ. ಸಂದೇಶಗಳೆಲ್ಲ ಸರಿಯಾಗಿ ಹರಿದು ಕಡೆಗೆ ತೆರೆ ಮಾತ್ರ ಕಪ್ಪಾದರೆ ಚಿತ್ರಫಲಕದ ಚಾಲಕವನ್ನು ಸಂಶಯಿಸಬೇಕು. ನೋಮೋಡ್‌ಸೆಟ್ ಎಂಬ ಸೂಚನೆಯಿಂದ ಸರಳವಾದ ತೆರೆಯಾದರೂ ಮೂಡುತ್ತದೆ. ವೈ-ಫೈ ಕಾಣದಿದ್ದರೆ ಬಹುಮಟ್ಟಿಗೆ ಅದರ ಫರ್ಮ್‌ವೇರ್ ಪೊಟ್ಟಣವು ಇಮೇಜಿನಲ್ಲಿಲ್ಲ. ಡೆಬಿಯನ್ 12ರಿಂದೀಚೆಗೆ ಅಧಿಕೃತ ಇಮೇಜುಗಳಲ್ಲಿ ಇಂಥವು ಸೇರಿವೆ. ಸ್ವತಃ ಕಟ್ಟುವವರು ಕೇಳಿ ಸೇರಿಸಿಕೊಳ್ಳಬೇಕು.

ಗಣಕವೇನೋ ಎಚ್ಚರಗೊಂಡಿತು. ಅದು ಕನ್ನಡದಲ್ಲಿ ಎಚ್ಚರಗೊಂಡಿತೇ ಎಂಬುದು ಬೇರೆಯೇ ಪ್ರಶ್ನೆ. ಕನ್ನಡ ಶಾಲೆಗೆ ಇದು ಕಡೆಯ ಪ್ರಶ್ನೆಯಾಗಕೂಡದು. ಇದನ್ನು ಪರೀಕ್ಷಿಸಲು ಅಜ್ಜಂಪುರ ಎಂಬ ಊರ ಹೆಸರೇ ಸಾಕು. ಅಕ್ಷರಗಳ ಜಾಗದಲ್ಲಿ ಬರಿಯ ಚೌಕಗಳು ಮೂಡಿದರೆ ಕನ್ನಡದ ಅಕ್ಷರಶೈಲಿಯೇ ಇಮೇಜಿನಲ್ಲಿಲ್ಲ. ಲೋಹಿತ್, ಅಥವಾ ಹಕ್ಕಿಗಳ ಹೆಸರು ಹೊತ್ತ ಗುಬ್ಬಿ, ನವಿಲು ಎಂಬವುಗಳಲ್ಲಿ ಒಂದನ್ನು ಸೇರಿಸಿದರೆ ಈ ಕೊರತೆ ನೀಗುತ್ತದೆ. ಅಕ್ಷರಗಳು ಮೂಡಿಯೂ ಒತ್ತಕ್ಷರವಾದ ಜಕಾರವು ಕೆಳಗೆ ಕೂರದೆ ಪಕ್ಕಕ್ಕೆ ನಿಂತರೆ, ದೋಷವಿರುವುದು ಅಕ್ಷರಗಳನ್ನು ಜೋಡಿಸುವ ತಂತ್ರಾಂಶದಲ್ಲಿ. ಆಗ ಇನ್ನೆಷ್ಟು ಅಕ್ಷರಶೈಲಿಗಳನ್ನು ಸುರಿದರೂ ಪ್ರಯೋಜನವಿಲ್ಲ. ಓದಲು ಬಂದು ಬರೆಯಲು ಬಾರದಿದ್ದರೆ ಕೀಲಿಮಣೆಯ ವಿಧಾನವನ್ನು ಸೇರಿಸಬೇಕು, ಕೆ. ಪಿ. ರಾವ್ ಅವರ ವಿನ್ಯಾಸ ರೂಢಿಯಾದವರು ಅದನ್ನೇ ಕೇಳುತ್ತಾರೆ. ಶಾಲೆಯ ಹಳೆಯ ಪ್ರಶ್ನಪತ್ರಿಕೆಗಳು ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡರೆ ಇಮೇಜನ್ನು ದೂರಿ ಫಲವಿಲ್ಲ. ಅವು ಯುನಿಕೋಡ್ ಪೂರ್ವದ ಸಂಕೇತದಲ್ಲಿ ಬರೆದವು. ಪರಿವರ್ತಕದಿಂದ ಯುನಿಕೋಡಿಗೆ ತಿರುಗಿಸಬೇಕು.

ಇನ್ನು, ಗಾಜಿನ ಹಾಳೆಯ ಗುಣವು ದೋಷವೂ ಆಗಬಲ್ಲದು. ಬಾಲಕಿಯೊಬ್ಬಳು ಒಂದು ಗಂಟೆ ಕುಳಿತು ಬರೆದ ಪ್ರಬಂಧವು ಗಣಕವನ್ನು ಆರಿಸಿದೊಡನೆ ಮಾಯವಾದರೆ ಆಕೆಗೆ ಸ್ಕ್ವಾಷ್‌ಎಫ್‌ಎಸ್‌ನ ವೈಶಿಷ್ಟ್ಯವನ್ನು ಬಣ್ಣಿಸಿ ಸಮಾಧಾನಪಡಿಸಲಾಗದು. ಇದಕ್ಕಾಗಿ ಪೆನ್ ಡ್ರೈವಿನ ಉಳಿದ ಜಾಗದಲ್ಲಿ ಪರ್ಸಿಸ್ಟೆನ್ಸ್ ಎಂಬ ಹೆಸರಿನ ವಿಭಾಗವನ್ನು ಮಾಡಿ, ಅದೇ ಹೆಸರಿನ ಸಂರಚನಾ ಕಡತವನ್ನು ಅದರಲ್ಲಿಟ್ಟು, ಬೂಟ್‌ಲೋಡರಿನ ಸಾಲಿನಲ್ಲಿಯೂ ಆ ಮಾತನ್ನು ಬರೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ, ಹೆಸರಿನ ಒಂದು ಅಕ್ಷರ ಬದಲಾದರೂ, ಗಣಕವು ಯಾವ ದೂರನ್ನೂ ಹೇಳದೆ ಏಳುತ್ತದೆ, ಬರೆದುದನ್ನು ಮರೆಯುತ್ತದೆ. ಮೌನವಾಗಿ ಸಂಭವಿಸುವ ಇಂಥ ದೋಷಗಳೇ ಎಲ್ಲಕ್ಕಿಂತ ಕೆಟ್ಟವು. ಆದುದರಿಂದ ಹಂಚುವ ಮುನ್ನ ಒಂದು ಕಡತವನ್ನು ಬರೆದು, ಆರಿಸಿ, ಮತ್ತೆ ಎಬ್ಬಿಸಿ, ಕಡತ ಇದೆಯೇ ಎಂದು ನೋಡತಕ್ಕದ್ದು. ಒಂದು ಗಿಗಾಬೈಟಿನ ಸ್ಮರಣೆಯುಳ್ಳ ಯಂತ್ರಗಳಲ್ಲಿ ಆ ವಿಭಾಗವಿಲ್ಲದಿದ್ದರೆ ಇನ್ನೊಂದು ಅಪಾಯವೂ ಉಂಟು: ಬರೆದುದೆಲ್ಲ ಸ್ಮರಣೆಗೇ ಹೋಗುವುದರಿಂದ ಅದು ಬೇಗನೆ ತುಂಬಿ ಯಂತ್ರವು ಸ್ತಬ್ಧವಾಗುತ್ತದೆ.

ಕೊನೆಗೆ ನಕಲು ಮಾಡುವ ಕೆಲಸ. ಒಂದು ಇಮೇಜಿನಿಂದ ಮೂವತ್ತು ಡ್ರೈವುಗಳಾಗುವುದರಿಂದ ಅದರಲ್ಲಿರುವುದೆಲ್ಲವೂ ಮೂವತ್ತು ಪಟ್ಟಾಗುತ್ತದೆ. ಬಳಸುತ್ತಿದ್ದ ಗಣಕದಿಂದಲೇ ಇಮೇಜನ್ನು ತೆಗೆದಿದ್ದರೆ ಶಿಕ್ಷಕರ ಗುಪ್ತಪದಗಳೂ ಅದರೊಡನೆ ಊರೂರಿಗೆ ಹೋಗುತ್ತವೆ. ಮೆಷಿನ್-ಐಡಿ ಎಂಬ ಗುರುತಿನ ಕಡತವನ್ನು ಬರಿದು ಮಾಡದಿದ್ದರೆ ಎಲ್ಲ ಯಂತ್ರಗಳೂ ತಮ್ಮನ್ನು ಒಂದೇ ಎಂದು ಹೇಳಿಕೊಂಡು, ಕೆಲವು ಜಾಲಗಳಲ್ಲಿ ಒಂದೇ ವಿಳಾಸಕ್ಕಾಗಿ ಸೆಣಸುತ್ತವೆ. ಅಗ್ಗದ ಪೆನ್ ಡ್ರೈವುಗಳಲ್ಲಿ ಮೇಲೆ ಬರೆದಷ್ಟು ಸ್ಥಳ ಒಳಗಿಲ್ಲದಿರುವುದೂ ಉಂಟು; ಅಂಥದರಲ್ಲಿ ಇಮೇಜಿನ ಬಾಲವು ಕತ್ತರಿಸಿಹೋಗಿ, ಯಾವುದೋ ಒಂದು ತಂತ್ರಾಂಶವನ್ನು ತೆರೆದಾಗ ಮಾತ್ರ ಸ್ಕ್ವಾಷ್‌ಎಫ್‌ಎಸ್ ಓದಲಾಗಲಿಲ್ಲವೆಂಬ ದೂರು ಬರುತ್ತದೆ. ಇದಕ್ಕೆ ಎಸ್‌ಎಚ್‌ಎ-256 ಎಂಬ ಲೆಕ್ಕವೇ ಒರೆಗಲ್ಲು. ಎಷ್ಟೇ ದೊಡ್ಡ ಕಡತವಿದ್ದರೂ ಅದು 64 ಅಂಕಾಕ್ಷರಗಳ ಒಂದು ಮೊತ್ತವನ್ನು ಕೊಡುತ್ತದೆ. ಮೂಲದಲ್ಲಿ ಒಂದು ಬಿಟ್ಟು ಬದಲಾದರೂ ಆ ಮೊತ್ತ ಗುರುತು ಸಿಗದಂತೆ ಬದಲಾಗುತ್ತದೆ. ಡ್ರೈವಿಗೆ ಬರೆದುದನ್ನು ಇಮೇಜಿನ ಉದ್ದದಷ್ಟು ಮರಳಿ ಓದಿ, ಪರ್ಸಿಸ್ಟೆನ್ಸ್ ವಿಭಾಗವನ್ನು ಸೇರಿಸುವುದಕ್ಕೆ ಮೊದಲೇ ಎರಡು ಮೊತ್ತಗಳನ್ನೂ ಹೋಲಿಸಬೇಕು. ಕಡೂರಿನಲ್ಲಿ ಹೀಗೆ ಹೋಲಿಸಿದ ಮೂವತ್ತರಲ್ಲಿ ಎರಡು ಡ್ರೈವುಗಳ ಮೊತ್ತ ತಾಳೆಯಾಗಲಿಲ್ಲ. ಅವೆರಡನ್ನು ಬೇರೆ ತೆಗೆದಿಟ್ಟು, ಉಳಿದ ಇಪ್ಪತ್ತೆಂಟಕ್ಕೆ ಊರಿನ ಹೆಸರನ್ನೂ ಇಮೇಜನ್ನು ಕಟ್ಟಿದ ದಿನಾಂಕವನ್ನೂ ಬರೆದ ಚೀಟಿಗಳನ್ನು ಅಂಟಿಸಲಾಯಿತು.